ರಸಮಂಜರಿಯಿಂದ ಪಬ್‌ವರೆಗೆ: ಬೇಸ್ ಗಿಟಾರ್ ಸಾಮಾನು ಆರಿಸುವುದು, ತಿದ್ದುವುದು

ಗಣಪತಿ ಹಬ್ಬದ ಸೀಸನ್‌ನಲ್ಲಿ ಒಬ್ಬ ಬೇಸ್ ವಾದಕ ಒಂದೇ ವಾರದಲ್ಲಿ ಮೂರು ಥರದ ವೇದಿಕೆ ಹತ್ತಬಹುದು. ಶಾಮಿಯಾನದ ಕೆಳಗೆ ರಸಮಂಜರಿ, ಕಲ್ಯಾಣ ಮಂಟಪದಲ್ಲಿ ರಿಸೆಪ್ಷನ್, ಶನಿವಾರ ರಾತ್ರಿ ಬೆಂಗಳೂರಿನ ಯಾವುದೋ ಪಬ್. ಮೊದಲ ಎರಡು ಕಡೆ ಸಾಮಾನ್ಯವಾಗಿ ಬೇಸ್ ಆಂಪ್ ಇರುವುದೇ ಇಲ್ಲ. ಇದ್ದರೂ ಅದು ಬಾಡಿಗೆ ಮಾಲು, ಒಳಗಿನ ಸ್ಪೀಕರ್ ಹರಿದಿದೆಯೋ ಏನೋ ದೇವರೇ ಬಲ್ಲ. ಬೇಸ್ ನೇರವಾಗಿ ಮಿಕ್ಸರ್‌ಗೆ ಹೋಗುತ್ತದೆ. ಜನ ಕೇಳುವುದು ಸೌಂಡ್‌ನವರ ದೊಡ್ಡ ಸಬ್‌ವೂಫರ್‌ಗಳಿಂದ.

ಹೀಗಿರುವಾಗ ಆಂಪ್ ಮೇಲೆ ದುಡ್ಡು ಸುರಿಯುವುದರಲ್ಲಿ ಅರ್ಥ ಇಲ್ಲ. ನಿಮ್ಮ ಬೆರಳಿಂದ ಮಿಕ್ಸರ್‌ಗೆ ಹೋಗುವ ಕೇಬಲ್‌ವರೆಗಿನ ದಾರಿ ಮಾತ್ರ ನಿಮ್ಮ ಕೈಯಲ್ಲಿದೆ. ಗಿಟಾರ್, ಸ್ಟ್ರಿಂಗ್, ಒಳಗಿನ ವೈರಿಂಗ್, ಡಿಐ ಬಾಕ್ಸ್ (ಬೇಸ್‌ನ ಸಿಗ್ನಲ್ಲನ್ನು ಮಿಕ್ಸರ್‌ಗೆ ಹೊಂದಿಸಿ ಕಳಿಸುವ ಡಬ್ಬ). ದುಡ್ಡನ್ನೂ ಅದೇ ಕ್ರಮದಲ್ಲಿ ಖರ್ಚು ಮಾಡಿ. ಆಂಪ್ ಆಮೇಲೆ ನೋಡೋಣ.

1. ಗಿಟಾರ್ ಆರಿಸುವಾಗ

ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್ ಬಂದದ್ದು 1951ರಲ್ಲಿ, ಜಾಜ್ ಬೇಸ್ 1960ರಲ್ಲಿ. ಇವತ್ತು ಅಂಗಡಿಯಲ್ಲಿ ತೂಗು ಹಾಕಿರುವ ಬೇಸ್‌ಗಳಲ್ಲಿ ಬಹುಪಾಲು, ಹೆಸರು ಯಾವುದೇ ಇರಲಿ, ಈ ಎರಡರ ಜಾಡಿನಲ್ಲೇ ಬಂದವು. ಇವುಗಳ ವ್ಯತ್ಯಾಸ ತಿಳಿದರೆ ಅರ್ಧ ಗೊಂದಲ ಮುಗಿಯಿತು.

ಪ್ರಿಸಿಷನ್‌ನಲ್ಲಿ ಒಂದೇ ಪಿಕಪ್, ಅಂದರೆ ತಂತಿಯ ಅಲುಗಾಟವನ್ನು ಸಿಗ್ನಲ್ ಮಾಡುವ ಅಯಸ್ಕಾಂತ-ಸುರುಳಿ. 1957ರಿಂದ ಅದು ಎರಡು ತುಂಡಾಗಿ ಬರುತ್ತದೆ. ಒಂದು ತುಂಡು ದಪ್ಪ ಸ್ಟ್ರಿಂಗ್ ಎರಡಕ್ಕೆ, ಇನ್ನೊಂದು ತೆಳು ಎರಡಕ್ಕೆ. ಎರಡರ ಸುರುಳಿಗಳೂ ಒಂದಕ್ಕೊಂದು ಉಲ್ಟಾ ಇರುವುದರಿಂದ ಹೊರಗಿನ ಕರೆಂಟಿನ ಗುಂಯ್ ಸದ್ದು ಅಲ್ಲೇ ರದ್ದಾಗುತ್ತದೆ. ಜಾಜ್‌ನಲ್ಲಿ ಎರಡು ಒಂಟಿ ಸುರುಳಿಯ ಪಿಕಪ್. ಎರಡರ ವಾಲ್ಯೂಮ್ ಪೂರ್ತಿ ತೆರೆದಿದ್ದರೆ ಈ ಗುಂಯ್ ಸದ್ದು (ಹಮ್) ಇಲ್ಲ. ಒಂದನ್ನು ಇಳಿಸಿದಿರೋ, ಶುರು. ಡಿಮ್ಮರ್ ಲೈಟು, ಸೀರಿಯಲ್ ಸೆಟ್, ಹಿಂದೆ ದೊಡ್ಡ ಎಲ್‌ಇಡಿ ಪರದೆ ಇರುವ ಮದುವೆ ವೇದಿಕೆಯಲ್ಲಿ ಇದು ಸಣ್ಣ ವಿಷಯ ಅಲ್ಲ.

ಒಂದೇ ಬೇಸ್‌ಗೆ ದುಡ್ಡಿದ್ದರೆ ನಾನು ಹೇಳುವುದು ಎರಡೂ ಸೇರಿದ ಪಿಜೆ ಬಗೆ. ಕುತ್ತಿಗೆ ಕಡೆ ಪ್ರಿಸಿಷನ್ ಪಿಕಪ್, ಬ್ರಿಡ್ಜ್ (ಸ್ಟ್ರಿಂಗ್‌ಗಳ ಬುಡ ಕೂರುವ ಲೋಹದ ಭಾಗ) ಕಡೆ ಜಾಜ್ ಪಿಕಪ್. ಯಮಾಹಾ ಟಿಆರ್‌ಬಿಎಕ್ಸ್ 174, ಇಬಾನೆಜ್ ಜಿಎಸ್‌ಆರ್ 200 ಇವೆಲ್ಲ ಈ ಬಗೆಯವೇ, ಕೈಗೆಟುಕುವ ಬೆಲೆಯವು. ಲೈಟಿನ ಕಾಟ ಜಾಸ್ತಿ ಇದ್ದ ದಿನ ಬ್ರಿಡ್ಜ್ ಪಿಕಪ್ ಮುಚ್ಚಿಬಿಟ್ಟರೆ ಆಯಿತು.

ನಾಲ್ಕು ಸ್ಟ್ರಿಂಗೋ ಐದೋ? ಆರ್ಕೆಸ್ಟ್ರಾದಲ್ಲಿ ನುಡಿಸುವವರಿಗೆ ಐದು ಬೇಕೆನಿಸುವುದಕ್ಕೆ ಸರಿಯಾದ ಕಾರಣ ಇದೆ. ನಾಲ್ಕು ಸ್ಟ್ರಿಂಗ್ ಬೇಸ್‌ನ ಅತಿ ಕೆಳಗಿನ ಸ್ವರ ಇ, ಸುಮಾರು 41 ಹರ್ಟ್ಜ್. ಗಾಯಕರು ಕೊನೆ ಗಳಿಗೆಯಲ್ಲಿ "ಸ್ಕೇಲ್ ಸ್ವಲ್ಪ ಇಳಿಸಿ ಸರ್" ಅಂದಾಗ ಹಾಡು ಡಿ ಅಥವಾ ಇ ಫ್ಲ್ಯಾಟ್‌ಗೆ ಬಂದರೆ, ನಿಮಗೆ ಬೇಕಾದ ಮಂದ್ರ ಷಡ್ಜವೇ ಗಿಟಾರ್‌ನಲ್ಲಿ ಇಲ್ಲ. ಐದನೇ ಬಿ ಸ್ಟ್ರಿಂಗ್ ಸುಮಾರು 31 ಹರ್ಟ್ಜ್‌ವರೆಗೆ ಇಳಿಯುತ್ತದೆ. ಆದರೆ ಅಗ್ಗದ ಐದು ಸ್ಟ್ರಿಂಗ್ ಬೇಸ್‌ಗಳಲ್ಲಿ ಆ ಬಿ ಸ್ಟ್ರಿಂಗ್ ಸಡಿಲವಾಗಿ ಬಡಬಡ ಅನ್ನುವುದೇ ಹೆಚ್ಚು. ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ: ಬಿ ಸ್ಟ್ರಿಂಗ್‌ನ 5ನೇ ಫ್ರೆಟ್ (ಕುತ್ತಿಗೆ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿ ನುಡಿಸಿ, ಆಮೇಲೆ ಇ ಸ್ಟ್ರಿಂಗ್ ತೆರೆದು ನುಡಿಸಿ. ಎರಡೂ ಒಂದೇ ಸ್ವರ. ಮೊದಲನೆಯದು ಮಣ್ಣು ಮಣ್ಣಾಗಿ ಕೇಳಿದರೆ ಆ ಬೇಸ್ ಬೇಡ, ಒಳ್ಳೆಯ ನಾಲ್ಕು ಸ್ಟ್ರಿಂಗ್‌ನದೇ ತೆಗೆದುಕೊಳ್ಳಿ.

ನಾಲ್ಕರಲ್ಲೇ ಕೆಳಗಿಳಿಯಲು ಎರಡು ದಾರಿ ಇವೆ. ಇ ಸ್ಟ್ರಿಂಗ್‌ನ ಕೀಲಿಗೆ ಹಿಪ್‌ಶಾಟ್ ಎಕ್ಸ್‌ಟೆಂಡರ್ ಥರದ ಲಿವರ್ ಹಾಕಿಸಿದರೆ ಒಂದು ತಳ್ಳಿಗೆ ಡಿ ಸಿಗುತ್ತದೆ. ಇಲ್ಲವೇ ಐದು ಸ್ಟ್ರಿಂಗ್ ಸೆಟ್ ತಂದು, ಜಿ ಬಿಟ್ಟು, ಬಿ-ಇ-ಎ-ಡಿ ಅಂತ ಹಾಕಬಹುದು. ಇದಕ್ಕೆ ನಟ್‌ನ (ಕುತ್ತಿಗೆಯ ತಲೆ ಕಡೆ ಸ್ಟ್ರಿಂಗ್‌ಗಳು ಕೂರುವ ಪಟ್ಟಿ) ಕಚ್ಚುಗಳನ್ನು ಅಗಲ ಮಾಡಬೇಕಾಗುತ್ತದೆ. ಅರದಿಂದ ಒಮ್ಮೆ ತೆಗೆದದ್ದನ್ನು ಮತ್ತೆ ತುಂಬುವುದು ಕಷ್ಟ, ಹಾಗಾಗಿ ಹಳೆ ನಟ್ ಎತ್ತಿಟ್ಟು ಹೊಸದರಲ್ಲಿ ಕಚ್ಚು ಮಾಡಿಸಿ.

ಆಕ್ಟಿವ್ ಬೇಸ್ (ಒಳಗೆ ಬ್ಯಾಟರಿಯಲ್ಲಿ ನಡೆಯುವ ಸರ್ಕ್ಯೂಟ್ ಇರುವಂಥದ್ದು) ಕೊಳ್ಳುವುದಾದರೆ ಪ್ಯಾಸಿವ್‌ಗೆ, ಅಂದರೆ ಬ್ಯಾಟರಿ ಇಲ್ಲದೆ ನುಡಿಸಲು, ಬದಲಿಸುವ ಸ್ವಿಚ್ ಇರುವುದನ್ನೇ ನೋಡಿ. ಬ್ಯಾಟರಿ ಮುಗಿದರೂ ಹಾಡು ನಿಲ್ಲುವುದಿಲ್ಲ. ಇನ್ನೊಂದು ಮಾತು: ಆಕ್ಟಿವ್ ಬೇಸ್‌ನಲ್ಲಿ ಕೇಬಲ್ ಚುಚ್ಚಿದರೇ ಬ್ಯಾಟರಿ ಆನ್. ಕಾರ್ಯಕ್ರಮ ಮುಗಿದ ಮೇಲೆ ಕೇಬಲ್ ಕೀಳದೆ ಸ್ಟ್ಯಾಂಡ್‌ನಲ್ಲಿಟ್ಟರೆ ಬ್ಯಾಟರಿ ಸುಮ್ಮನೆ ಖರ್ಚಾಗುತ್ತಲೇ ಇರುತ್ತದೆ.

ತೂಕ ನೋಡಿ. ಮೂರು ಗಂಟೆ ನಿಂತು ನುಡಿಸಬೇಕು, ಆಮೇಲೆ ಬೈಕ್ ಮೇಲೆ ಹೊತ್ತು ಮನೆಗೆ ಬರಬೇಕು. 4 ಕೆಜಿ ಒಳಗಿದ್ದರೆ ಹೆಗಲು ಬೈಯುವುದಿಲ್ಲ. ಬೆಲ್ಟ್ ಹಾಕಿಕೊಂಡು ಎರಡೂ ಕೈ ಬಿಡಿ. ತಲೆ ನೆಲದ ಕಡೆ ವಾಲಿದರೆ ಎಡಗೈ ಇಡೀ ರಾತ್ರಿ ಅದನ್ನು ಎತ್ತಿ ಹಿಡಿಯುವುದರಲ್ಲೇ ಸೋಲುತ್ತದೆ.

2. ಸೆಟಪ್: ಅತಿ ಅಗ್ಗದ ಸುಧಾರಣೆ

ಪಿಕಪ್ ಬದಲಿಸಬೇಕು ಅಂದುಕೊಳ್ಳುವವರಲ್ಲಿ ಅರ್ಧದಷ್ಟು ಜನಕ್ಕೆ ಬೇಕಾಗಿರುವುದು ಸೆಟಪ್. ಇದನ್ನು ನೀವೇ ಮಾಡಬಹುದು. ಬೇಕಾಗುವುದು ಸರಿಯಾದ ಅಳತೆಯ ಅಲೆನ್ ಕೀ, ಸ್ಕ್ರೂಡ್ರೈವರ್, ಟ್ಯೂನರ್, ಮಿಲಿಮೀಟರ್ ಸ್ಕೇಲ್ ಮತ್ತು ಮೆಕ್ಯಾನಿಕ್‌ಗಳು ಟ್ಯಾಪೆಟ್ ಸಂದು ನೋಡಲು ಬಳಸುವ ಫೀಲರ್ ಗೇಜ್. ಬೆಂಗಳೂರಿನಲ್ಲಾದರೆ ಜೆ.ಸಿ. ರೋಡಿನ ಯಾವ ಆಟೊಮೊಬೈಲ್ ಅಂಗಡಿಯಲ್ಲಾದರೂ ಕೇಳಿ. ಸಂಗೀತದ ಅಂಗಡಿಯಲ್ಲಿ ಕೊಡುವುದಕ್ಕಿಂತ ಕಡಿಮೆಗೇ ಸಿಗುತ್ತದೆ.

ಕ್ರಮ ಮುಖ್ಯ. ಮೊದಲು ನೀವು ನಿಜವಾಗಿ ಬಳಸುವ ಸ್ಟ್ರಿಂಗ್ ಹಾಕಿ, ಟ್ಯೂನ್ ಮಾಡಿ. ಆಮೇಲೆ ಕುತ್ತಿಗೆಯ ಬಾಗು. ಮೊದಲ ಫ್ರೆಟ್‌ಗೆ ಕೇಪೋ (ಸ್ಟ್ರಿಂಗ್‌ಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಇ ಸ್ಟ್ರಿಂಗನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. 8ನೇ ಫ್ರೆಟ್ ಮೇಲೆ ಸ್ಟ್ರಿಂಗ್‌ಗೂ ಫ್ರೆಟ್‌ಗೂ ನಡುವೆ ಸುಮಾರು 0.3 ಮಿಮೀ ಸಂದು ಇರಬೇಕು. ಗೇಜ್ ಇಲ್ಲದಿದ್ದರೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿ, ಹೆಚ್ಚುಕಡಿಮೆ ಅಷ್ಟೇ. ಸಂದು ಜಾಸ್ತಿ ಇದ್ದರೆ ಟ್ರಸ್ ರಾಡ್ (ಕುತ್ತಿಗೆಯೊಳಗಿನ ಲೋಹದ ಸರಳು) ನಟ್ಟನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿ, ಕಡಿಮೆ ಇದ್ದರೆ ಉಲ್ಟಾ. ಒಂದು ಸಲಕ್ಕೆ ಕಾಲು ಸುತ್ತು, ಅಷ್ಟೇ. ಮತ್ತೆ ಟ್ಯೂನ್ ಮಾಡಿ ಅಳೆಯಿರಿ. ನಟ್ ಮಿಸುಕದೆ ಇದ್ದರೆ ಬಲ ಹಾಕಬೇಡಿ, ರಿಪೇರಿಯವರ ಹತ್ತಿರ ಹೋಗಿ. ಮುರಿದ ಟ್ರಸ್ ರಾಡ್ ಅಂದರೆ ಹೊಸ ಕುತ್ತಿಗೆಯ ಖರ್ಚು.

ಬಾಗು ಸರಿಯಾದ ಮೇಲೆ ಎತ್ತರ. 17ನೇ ಫ್ರೆಟ್‌ನಲ್ಲಿ ಇ ಸ್ಟ್ರಿಂಗ್‌ನ ಅಡಿಗೆ 2.4 ಮಿಮೀ, ಜಿ ಸ್ಟ್ರಿಂಗ್‌ಗೆ 2 ಮಿಮೀ ಇಟ್ಟು ಶುರು ಮಾಡಿ. ಬೆರಳು ಜೋರಾಗಿ ಬೀಳುವವರಿಗೆ ಇನ್ನೂ ಸ್ವಲ್ಪ ಬೇಕಾಗುತ್ತದೆ. ಮನೆಯಲ್ಲಿ ಮೆಲ್ಲಗೆ ನುಡಿಸಿ ಎತ್ತರ ನಿಗದಿ ಮಾಡಬೇಡಿ. ಡ್ರಮ್ಸ್ ಪಕ್ಕ ನಿಂತಾಗ ಕೈ ತಾನಾಗೇ ಎರಡರಷ್ಟು ಜೋರಾಗುತ್ತದೆ, ಆಗ ತಂತಿ ಫ್ರೆಟ್‌ಗೆ ಬಡಿಯುವ ಕಿರಿಕಿರಿ.

ಮೂರನೆಯದು ಶ್ರುತಿ ಶುದ್ಧಿ. 12ನೇ ಫ್ರೆಟ್ ಮೇಲೆ ಬರಿದೇ ತಾಗಿಸಿ ಹಾರ್ಮೋನಿಕ್ ನುಡಿಸಿ, ಆಮೇಲೆ ಅಲ್ಲೇ ಒತ್ತಿ ನುಡಿಸಿ. ಒತ್ತಿದ್ದು ಟ್ಯೂನರ್‌ನಲ್ಲಿ ಮೇಲೆ ತೋರಿಸಿದರೆ ಸ್ಯಾಡಲ್ (ಬ್ರಿಡ್ಜ್ ಮೇಲೆ ಸ್ಟ್ರಿಂಗ್ ಕೂರುವ ಸಣ್ಣ ತುಂಡು) ಹಿಂದಕ್ಕೆ, ಕೆಳಗೆ ತೋರಿಸಿದರೆ ಕುತ್ತಿಗೆ ಕಡೆಗೆ. ಕೊನೆಯದಾಗಿ ಪಿಕಪ್ ಎತ್ತರ. ತೀರಾ ಹತ್ತಿರ ಇಟ್ಟರೆ ಅಯಸ್ಕಾಂತವೇ ಸ್ಟ್ರಿಂಗನ್ನು ಎಳೆದು ಸ್ವರ ಅಲುಗಾಡಿಸುತ್ತದೆ. ಕೊನೆಯ ಫ್ರೆಟ್ ಒತ್ತಿದಾಗ ದಪ್ಪ ಸ್ಟ್ರಿಂಗ್ ಕಡೆ ಸುಮಾರು 3 ಮಿಮೀ, ತೆಳು ಕಡೆ 2.5 ಮಿಮೀ ಸಾಕು.

ಸೆಟಪ್ ಒಂದು ಸಲ ಮಾಡಿ ಮರೆಯುವ ಕೆಲಸ ಅಲ್ಲ. ಮಂಗಳೂರು, ಉಡುಪಿ ಕಡೆಯ ಮಳೆಗಾಲದ ತೇವಕ್ಕೂ ಕಲಬುರಗಿಯ ಬೇಸಿಗೆಗೂ ಮರ ಬೇರೆ ಬೇರೆ ಥರ ವರ್ತಿಸುತ್ತದೆ. ಮಳೆ ಹಿಡಿದಾಗೊಮ್ಮೆ, ಬಿಟ್ಟಾಗೊಮ್ಮೆ ಬಾಗು ನೋಡಿ. ಬಸ್ಸಿನ ಡಿಕ್ಕಿಯಲ್ಲಿ ಬೇಸ್ ಹಾಕಿ ದೂರ ಹೋಗುವಾಗ ಸ್ಟ್ರಿಂಗ್‌ಗಳನ್ನು ತುಸು ಸಡಿಲಿಸಿ. ಸಂಜೆ ಬಯಲಲ್ಲಿ ಬಿಸಿಲು ಬೀಳುತ್ತಿರುವಾಗ ಟ್ಯೂನ್ ಮಾಡಿದರೆ, ಕತ್ತಲಾಗಿ ತಂಪಾದ ಮೇಲೆ ಶ್ರುತಿ ಏರಿರುತ್ತದೆ. ಹಾಡು ಶುರುವಾಗುವ ಮುಂಚೆ ಮತ್ತೊಮ್ಮೆ ನೋಡಿ.

3. ಸ್ಟ್ರಿಂಗ್

45ರಿಂದ 105 ಗೇಜಿನ (ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ದಪ್ಪ) ನಿಕಲ್ ಲೇಪದ ರೌಂಡ್‌ವೌಂಡ್, ಅಂದರೆ ಮೇಲೆ ದುಂಡು ತಂತಿ ಸುತ್ತಿದ ಸ್ಟ್ರಿಂಗ್, ಎಲ್ಲದಕ್ಕೂ ಒಗ್ಗುತ್ತದೆ. ಪೂರ್ತಿ ಸ್ಟೀಲ್ ಇನ್ನೂ ಗರಿಗರಿ, ಆದರೆ ಫ್ರೆಟ್ ಬೇಗ ಸವೆಯುತ್ತದೆ. 70ರ ದಶಕದ ಸಿನಿಮಾ ಹಾಡುಗಳನ್ನೇ ಜಾಸ್ತಿ ನುಡಿಸುವ ತಂಡದಲ್ಲಿದ್ದರೆ ಫ್ಲ್ಯಾಟ್‌ವೌಂಡ್ (ಚಪ್ಪಟೆ ತಂತಿ ಸುತ್ತಿದ್ದು) ಹಾಕಿ ನೋಡಿ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಮ್ಮ ಪ್ರಿಸಿಷನ್‌ನಲ್ಲಿ ಬಳಸಿದ್ದು ಇದನ್ನೇ. ಬೆಲೆ ಜಾಸ್ತಿ, ಆದರೆ ವರ್ಷಗಟ್ಟಲೆ ಬಾಳುತ್ತವೆ. ಬೆರಳು ಎಳೆದಾಗ ಕಿರ್ ಅನ್ನುವ ಸದ್ದು ಇರುವುದೇ ಇಲ್ಲ.

ಕರಾವಳಿಯ ಬೆವರಿಗೆ ರೌಂಡ್‌ವೌಂಡ್ ಬೇಗ ಮಂಕಾಗುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ಹಳೆಯ ಸೆಟ್ಟನ್ನು ಬಿಚ್ಚಿ ನೀರಲ್ಲಿ ಕುದಿಸಿದರೆ ಸಂದಿನ ಕೊಳೆ ಬಿಟ್ಟು ಸ್ವಲ್ಪ ದಿನ ಹೊಳಪು ಬರುವುದು ನಿಜ. ಅರ್ಜೆಂಟಿಗೆ ಪರವಾಗಿಲ್ಲ. ಚೆನ್ನಾಗಿ ಒಣಗಿಸಿ ಹಾಕಿ.

4. ಮುಚ್ಚಳ ಬಿಚ್ಚಿ ಮಾಡುವ ಕೆಲಸ

ವೇದಿಕೆಯಲ್ಲಿ ಬೇಸ್ ಕೈಕೊಡುವುದು ಪಿಕಪ್‌ನಿಂದ ಅಲ್ಲ, ಕೇಬಲ್ ಚುಚ್ಚುವ ಜ್ಯಾಕ್‌ನಿಂದ. ಕಂಪನಿಯಿಂದ ಬಂದ ಅಗ್ಗದ ಜ್ಯಾಕ್ ಸಡಿಲವಾಗಿ, ಒಳಗಿನ ವೈರ್ ತಿರುಚಿ, ಕೊನೆಗೆ ಕಡಿಯುತ್ತದೆ. ಸ್ವಿಚ್‌ಕ್ರಾಫ್ಟ್ ಥರದ ಗಟ್ಟಿ ಜ್ಯಾಕ್ ಹಾಕಿ, ನಟ್ ಬಿಗಿ ಮಾಡುವಾಗ ಒಳಗಿನ ಭಾಗ ಸುತ್ತದ ಹಾಗೆ ಹಿಡಿಯಿರಿ. ಆಕ್ಟಿವ್ ಬೇಸ್ ಆದರೆ ಸ್ಟೀರಿಯೊ ಜ್ಯಾಕೇ ಬೇಕು. ಬ್ಯಾಟರಿ ಆನ್ ಆಗುವುದು ಅದರ ಮೂರನೇ ಕಾಲಿಂದ. ಇದೇ ಕೈಯಲ್ಲಿ ಬೆಲ್ಟ್ ಕಳಚದಂಥ ಸ್ಟ್ರ್ಯಾಪ್ ಲಾಕ್ ಹಾಕಿ. ದುಡ್ಡಿಲ್ಲದಿದ್ದರೆ ದಪ್ಪ ರಬ್ಬರ್ ವಾಷರ್ ಸಾಕು.

ಆಮೇಲೆ ಶೀಲ್ಡಿಂಗ್, ಅಂದರೆ ಹೊರಗಿನ ಗಲೀಜು ಸದ್ದು ಒಳಗೆ ಬರದ ಹಾಗೆ ತಾಮ್ರದ ಹೊದಿಕೆ. ಮೊದಲು ರೋಗ ಯಾವುದು ನೋಡಿ. ಸ್ಟ್ರಿಂಗ್ ಮುಟ್ಟಿದಾಗ ಬುರ್ ಸದ್ದು ಕಡಿಮೆಯಾದರೆ ನಿಮ್ಮ ಗ್ರೌಂಡ್ ಸರಿ ಇದೆ, ಶೀಲ್ಡಿಂಗ್ ಸಾಲದು. ಮುಟ್ಟಿದರೆ ಜಾಸ್ತಿಯಾದರೆ ಜ್ಯಾಕ್‌ನ ಎರಡು ವೈರ್ ಅದಲುಬದಲಾಗಿರಬಹುದು. ಏನೂ ಬದಲಾಗದಿದ್ದರೆ ಬ್ರಿಡ್ಜ್ ಕೆಳಗೆ ಹೋಗುವ ಗ್ರೌಂಡ್ ವೈರ್ ಬಿಟ್ಟಿದೆಯಾ ನೋಡಿ.

ತಾಮ್ರದ ಟೇಪ್ ಕೊಳ್ಳುವಾಗ ಅಂಟಿನ ಕಡೆಯೂ ಕರೆಂಟ್ ಹರಿಯುವಂಥದ್ದನ್ನೇ ಕೇಳಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎರಡೂ ಥರ ಸಿಗುತ್ತವೆ. ಸಾದಾ ಅಂಟಿನದು ತಂದಿದ್ದರೆ ಪ್ರತಿ ತುಂಡಿನ ಸಂದಿಗೂ ಒಂದು ಚುಕ್ಕೆ ಸೋಲ್ಡರ್ ಹಾಕಬೇಕು. ಪಿಕಪ್ ಕೂರುವ ಗುಂಡಿ, ಪಾಟ್‌ಗಳು (ವಾಲ್ಯೂಮ್, ಟೋನ್ ನಾಬ್‌ಗಳ ಅಡಿಯ ಭಾಗ) ಕೂರುವ ಗುಂಡಿ, ಮುಚ್ಚಳದ ಒಳಮೈ, ಮೂರಕ್ಕೂ ಅಂಟಿಸಿ. ಎಲ್ಲ ತುಂಡುಗಳೂ ಒಂದಕ್ಕೊಂದು ತಾಗಿ, ಕೊನೆಗೆ ಗ್ರೌಂಡ್‌ಗೆ ಸೇರಬೇಕು. ಮಲ್ಟಿಮೀಟರ್‌ನ ಬೀಪ್ ಇಟ್ಟು ಒಂದೊಂದನ್ನೂ ಮುಟ್ಟಿ ನೋಡಿ. ಜ್ಯಾಕ್‌ನ ಸಿಗ್ನಲ್ ವೈರಿನ ಕಾಲು ತಾಮ್ರದ ಟೇಪ್‌ಗೆ ತಾಗುವ ಜಾಗದಲ್ಲಿ ಮಾತ್ರ ಮೇಲೆ ಕರೆಂಟ್ ಟೇಪ್ (ಕರೆಂಟ್ ಹರಿಯದ ಇನ್ಸುಲೇಷನ್ ಟೇಪ್) ಸುತ್ತಿ. ಅಲ್ಲಿ ತಾಗಿದರೆ ಸದ್ದೇ ಬರುವುದಿಲ್ಲ.

ಕರಕರ ಅನ್ನುವ ವಾಲ್ಯೂಮ್ ಪಾಟ್‌ಗೆ ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ತಿರುಗಿಸಿ. ಬದಲಿಸಲೇಬೇಕಾದರೆ ಪ್ಯಾಸಿವ್ ಬೇಸ್‌ಗೆ ಎ 250 ಕೆ ಅಂತ ಬರೆದದ್ದು. ತರುವ ಮುಂಚೆ ಹಳೆ ಪಾಟ್ ಜೇಬಿನಲ್ಲಿಟ್ಟುಕೊಂಡು ಹೋಗಿ. ದಂಡದ ಗಾತ್ರ ಬೇರೆಯಾದರೆ ನಿಮ್ಮ ನಾಬ್ ಕೂರುವುದಿಲ್ಲ. ಟೋನ್ ಕೆಪಾಸಿಟರ್ 0.047 ಮೈಕ್ರೊಫ್ಯಾರಡ್, ಮೈಮೇಲೆ 473 ಅಂತ ಇರುತ್ತದೆ. ಇದನ್ನು ನೂರಾರು ರೂಪಾಯಿಗೆ "ವಿಂಟೇಜ್" ಅಂತ ಮಾರುವವರಿದ್ದಾರೆ. ಸುಮ್ನೆ ದುಡ್ಡು ದಂಡ. ಸೋಲ್ಡರ್ ಮಾಡುವಾಗ ಪಾಟ್‌ನ ಬೆನ್ನಿಗೆ 25 ವ್ಯಾಟ್ ಐರನ್ ಸಾಲುವುದಿಲ್ಲ, ಅಂಟದೆ ಉಂಡೆಯಾಗಿ ಕೂರುತ್ತದೆ. 50-60 ವ್ಯಾಟ್ ಇದ್ದರೆ ಎರಡೇ ಸೆಕೆಂಡಿನ ಕೆಲಸ.

ಇಷ್ಟೆಲ್ಲ ಆದ ಮೇಲೂ ಸದ್ದು ಹಿಡಿಸದಿದ್ದರೆ ಪಿಕಪ್ ಬದಲಿಸಿ. ಅಳತೆ ನೋಡಿ ತರಿಸಿ. ಜಾಜ್‌ನ ಎರಡು ಪಿಕಪ್‌ಗಳ ಉದ್ದ ಸಾಮಾನ್ಯವಾಗಿ ಒಂದೇ ಇರುವುದಿಲ್ಲ. ಒಳಗೆ ಪ್ರಿಆಂಪ್ (ಸಿಗ್ನಲ್ಲನ್ನು ಬಲಪಡಿಸಿ ಟೋನ್ ತಿದ್ದುವ ಸರ್ಕ್ಯೂಟ್) ಹಾಕಿಸುವುದನ್ನು ನಾನು ಮುಂದೂಡುತ್ತೇನೆ. ಅದೇ ದುಡ್ಡಿಗೆ ಹೊರಗಿನ ಪ್ರಿಆಂಪ್ ಬಂದರೆ ನಾಳೆ ಬೇಸ್ ಬದಲಾದರೂ ಅದು ಜೊತೆಗೇ ಬರುತ್ತದೆ.

5. ಡಿಐ ಬಾಕ್ಸ್: ನಿಮ್ಮ ನಿಜವಾದ ಆಂಪ್

ಬೇಸ್‌ನ ಸಿಗ್ನಲ್ ದುರ್ಬಲ, ಉದ್ದ ಕೇಬಲ್‌ನಲ್ಲಿ ಗಲೀಜು ಹಿಡಿಯುತ್ತದೆ. ಡಿಐ ಬಾಕ್ಸ್ ಅದನ್ನು ಬ್ಯಾಲೆನ್ಸ್ಡ್ (ದಾರಿಯ ಗಲೀಜು ರದ್ದಾಗುವಂಥ ಸಿಗ್ನಲ್) ಮಾಡಿ ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿ ಮಿಕ್ಸರ್‌ವರೆಗೆ ಕಳಿಸುತ್ತದೆ. ಊರಿನ ಸೌಂಡ್‌ನವರ ಹತ್ತಿರ ಡಿಐ ಇರುತ್ತದೆ ಅಂತ ನಂಬಿ ಹೋಗಬೇಡಿ. ಇಲ್ಲದಿದ್ದರೆ ಬೇಸ್ ಕೇಬಲನ್ನೇ ಉದ್ದ ಮಾಡಿ ಮಿಕ್ಸರ್‌ಗೆ ಚುಚ್ಚುತ್ತಾರೆ. ಆಗ ನಿಮ್ಮ ಸದ್ದು ತೆಳ್ಳಗೆ, ಮಂಕಾಗಿ, ಮೇಲೆ ಬುರ್ ಅಂತ ಬರುತ್ತದೆ.

ನಿಮ್ಮ ಬೇಸ್ ಪ್ಯಾಸಿವ್ ಆದರೆ ಆಕ್ಟಿವ್ ಡಿಐ, ಬೇಸ್ ಆಕ್ಟಿವ್ ಆದರೆ ಪ್ಯಾಸಿವ್ ಡಿಐ ಅನ್ನುವುದು ಸುಲಭದ ಲೆಕ್ಕ. ಪ್ಯಾಸಿವ್ ಪಿಕಪ್‌ಗೆ 1 ಮೆಗಾಓಮ್ ಆಸುಪಾಸಿನ ಇನ್‌ಪುಟ್ ಸಿಕ್ಕರೆ ಮೇಲಿನ ಸ್ವರಗಳ ಹೊಳಪು ಉಳಿಯುತ್ತದೆ. ಆಕ್ಟಿವ್ ಡಿಐಗೆ ಮಿಕ್ಸರ್‌ನಿಂದ 48 ವೋಲ್ಟ್ ಫ್ಯಾಂಟಮ್ (ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲೇ ಬರುವ ಕರೆಂಟ್) ಬರಬೇಕು. ಸಣ್ಣ ಮಿಕ್ಸರ್‌ಗಳಲ್ಲಿ ಅದು ಇಲ್ಲದೆಯೂ ಇರಬಹುದು, ಹಾಗಾಗಿ ಬ್ಯಾಟರಿಯಲ್ಲೂ ನಡೆಯುವ ಮಾಡೆಲ್ ಆರಿಸಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವುದಾದರೆ ಪ್ರಿಆಂಪ್ ಇರುವ ಡಿಐ. ಟೆಕ್ 21 ಕಂಪನಿಯ ಸ್ಯಾನ್ಸ್ಆಂಪ್ ಬೇಸ್ ಡ್ರೈವರ್ ಈ ಜಾತಿಯಲ್ಲಿ ಹೆಸರುವಾಸಿ, 90ರ ದಶಕದಿಂದ ಇದೆ. ಬೆಹ್ರಿಂಗರ್ ಬಿಡಿಐ 21 ಅದೇ ದಾರಿಯ ಅಗ್ಗದ ಡಬ್ಬ. ಇದರಲ್ಲಿ ಆಂಪ್‌ನ ಬಣ್ಣ, ತುಸು ಒಡಕು (ಡಿಸ್ಟಾರ್ಷನ್), ಈಕ್ವಲೈಜರ್ ಎಲ್ಲ ಇರುತ್ತದೆ. ಯಾವ ಊರಿಗೆ ಹೋದರೂ ಮಿಕ್ಸರ್‌ಗೆ ತಲುಪುವ ಸದ್ದು ಒಂದೇ. ಹಾಡುಗಳಿಗೆ ತಕ್ಕ ಎರಡು ಪೆಡಲ್ ಬೇಕಾದರೆ ನನ್ನ ಆಯ್ಕೆ ಟ್ಯೂನರ್ ಮತ್ತು ಕಂಪ್ರೆಸರ್ (ಸದ್ದಿನ ಏರಿಳಿತ ಸಮ ಮಾಡುವುದು). ಉಳಿದವು ಆಮೇಲೆ.

6. ಆಂಪ್ ಬೇಕೇ ಬೇಕಾದರೆ

ಪಬ್‌ನಲ್ಲಿ, ಪ್ರಾಕ್ಟೀಸ್ ರೂಮಿನಲ್ಲಿ ಬೇಕಾಗಬಹುದು. 1969ರ ಆಂಪೆಗ್ ಎಸ್‌ವಿಟಿ 300 ವ್ಯಾಟ್‌ನದು, ಎತ್ತಲು ಇಬ್ಬರು ಬೇಕಿತ್ತು. ಇವತ್ತಿನ ಕ್ಲಾಸ್-ಡಿ ಹೆಡ್‌ಗಳು (ಸ್ಪೀಕರ್ ಇಲ್ಲದ, ಹಗುರವಾದ ಆಂಪ್ ಡಬ್ಬಗಳು) ಅಷ್ಟೇ ಶಕ್ತಿಯನ್ನು ಗಿಗ್ ಬ್ಯಾಗ್‌ನ ಜೇಬಿನಲ್ಲಿ ಕೊಡುತ್ತವೆ. ಆಟೊದಲ್ಲಿ ಹೋಗುವವರಿಗೆ ಅಂಥ ಹೆಡ್ಡು ಮತ್ತು ಒಂದು 12 ಇಂಚಿನ ಸ್ಪೀಕರ್ ಇರುವ ಹಗುರ ಕ್ಯಾಬಿನೆಟ್ ಸಾಕು.

ಓಮ್ ಲೆಕ್ಕ ಮಾತ್ರ ತಪ್ಪಬಾರದು. 8 ಓಮ್‌ನ ಎರಡು ಕ್ಯಾಬಿನೆಟ್ ಸೇರಿಸಿದರೆ ಆಂಪ್‌ಗೆ ಕಾಣುವುದು 4 ಓಮ್. 4 ಓಮ್‌ನ ಎರಡು ಸೇರಿಸಿದರೆ 2 ಓಮ್, ಬಹಳಷ್ಟು ಆಂಪ್‌ಗಳು ಅದನ್ನು ತಾಳುವುದಿಲ್ಲ. ಹಿಂದೆ ಬರೆದಿರುವ ಕನಿಷ್ಠ ಓಮ್ ಓದಿ. "4 ಓಮ್‌ಗೆ 500 ವ್ಯಾಟ್" ಅಂತಿದ್ದರೆ ಒಂದೇ 8 ಓಮ್ ಕ್ಯಾಬಿನೆಟ್‌ಗೆ ಹೆಚ್ಚುಕಡಿಮೆ ಅರ್ಧವೇ ಹೋಗುವುದು. ಮೊದಲ ಕ್ಯಾಬಿನೆಟ್ 8 ಓಮ್‌ನದೇ ಕೊಳ್ಳಿ, ಮುಂದೆ ಇನ್ನೊಂದು ಸೇರಿಸಬಹುದು. ಗಿಟಾರ್ ಕೇಬಲನ್ನು ಸ್ಪೀಕರ್‌ಗೆ ಬಳಸಬೇಡಿ. ವಾಲ್ವ್ ಆಂಪ್ ಆದರೆ ಸ್ಪೀಕರ್ ಇಲ್ಲದೆ ಆನ್ ಮಾಡಲೇಬೇಡಿ.

ಅಮೆರಿಕದಿಂದ ಯಾರಾದರೂ ಆಂಪ್ ತಂದುಕೊಟ್ಟರೆ ಹಿಂದಿನ ಪ್ಲೇಟ್ ನೋಡಿ. 120 ವೋಲ್ಟ್ ಅಂತ ಮಾತ್ರ ಇದ್ದರೆ ನಮ್ಮ 230 ವೋಲ್ಟ್‌ಗೆ ನೇರ ಚುಚ್ಚುವಂತಿಲ್ಲ.

7. ಕರೆಂಟು

ಶಾಮಿಯಾನದಲ್ಲಿ, ಜನರೇಟರ್ ಮೇಲೆ ಅರ್ಥಿಂಗ್ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ನಿಮ್ಮ ಕೈ ಸ್ಟ್ರಿಂಗ್ ಮೇಲೆ, ತುಟಿ ಮೈಕ್ ಮೇಲೆ. ಎರಡೂ ಬೇರೆ ಬೇರೆ ಲೈನಿನಿಂದ ಬಂದಿದ್ದರೆ ಶಾಕ್ ಹೊಡೆಯುವುದು ನಿಮ್ಮ ಮೂಲಕವೇ. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಒಂದು ಕಡ್ಡಿ ಬ್ರಿಡ್ಜ್‌ಗೆ, ಇನ್ನೊಂದು ಮೈಕ್ ಜಾಲರಿಗೆ ಮುಟ್ಟಿಸಿ. ಹತ್ತಾರು ವೋಲ್ಟ್ ತೋರಿಸಿದರೆ ಹಾಡಬೇಡಿ, ಮುಟ್ಟಬೇಡಿ, ಎಲೆಕ್ಟ್ರಿಷಿಯನ್ ಕರೆಸಿ. ಹಮ್ ಹೋಗಲಿ ಅಂತ ಪ್ಲಗ್‌ನ ಅರ್ಥ್ ಪಿನ್ ಮುರಿಯುವ ಅಭ್ಯಾಸ ಕೆಲವರಿಗಿದೆ. ಅದು ಪ್ರಾಣಕ್ಕೆ ಕುತ್ತು. ಹಮ್ ಇದ್ದರೆ ಡಿಐ ಮೇಲಿನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ, ಅದು ಇರುವುದೇ ಅದಕ್ಕೆ.

8. ಸೌಂಡ್ ಚೆಕ್

ಮನೆಯಲ್ಲಿ ಚೆಂದ ಕೇಳುವ ಸೆಟಿಂಗ್, ಅಂದರೆ ಕೆಳಗಿನದೂ ಮೇಲಿನದೂ ಏರಿಸಿ ನಡುವಿನದನ್ನು ಇಳಿಸಿದ್ದು, ತಂಡದ ಜೊತೆ ಮಾಯವಾಗುತ್ತದೆ. ಬೇಸ್‌ನ ಸ್ವರ ಯಾವುದು ಅಂತ ಕಿವಿಗೆ ತಿಳಿಯುವುದು 250ರಿಂದ 800 ಹರ್ಟ್ಜ್ ನಡುವೆ. ಅಲ್ಲಿ ಸ್ವಲ್ಪ ಏರಿಸಿ. 30-40 ಹರ್ಟ್ಜ್‌ಗಿಂತ ಕೆಳಗಿನದನ್ನು ಹೈಪಾಸ್ ಫಿಲ್ಟರ್‌ನಿಂದ ಕಡಿಯಲು ಮಿಕ್ಸರ್ ಮುಂದಿನವರಿಗೆ ಹೇಳಿ. ಐದು ಸ್ಟ್ರಿಂಗ್ ಬೇಸ್ ಆದರೆ 30ರಲ್ಲೇ ನಿಲ್ಲಿಸಲು ಹೇಳಿ. ಇ ಸ್ಟ್ರಿಂಗ್‌ನಲ್ಲಿ ಜನ ಕೇಳುವುದು ಬಹುಪಾಲು ಅದರ ಮೇಲಿನ 82 ಹರ್ಟ್ಜ್, ಹಾಗಾಗಿ ಏನೂ ನಷ್ಟ ಇಲ್ಲ.

ಆರ್ಕೆಸ್ಟ್ರಾದಲ್ಲಿ ಇನ್ನೊಂದು ಜಗಳ ಉಂಟು. ಕೀಬೋರ್ಡ್‌ನವರ ಎಡಗೈಯೂ ಬೇಸ್ ನುಡಿಸುತ್ತಿರುತ್ತದೆ, ಇಲ್ಲವೇ ಪ್ಯಾಡ್‌ನವರ ಟ್ರ್ಯಾಕ್‌ನಲ್ಲಿ ಬೇಸ್ ಸೇರಿರುತ್ತದೆ. ಎರಡು ಬೇಸ್ ಒಟ್ಟಿಗೆ ಬಂದರೆ ಸಬ್‌ವೂಫರ್‌ನಲ್ಲಿ ಬರೀ ಗುಡುಗು. ಯಾವ ಹಾಡಿನಲ್ಲಿ ಯಾರು ಅಂತ ಸೌಂಡ್ ಚೆಕ್‌ಗೆ ಮುಂಚೆಯೇ "ಅಣ್ಣಾ, ಈ ಹಾಡಿನಲ್ಲಿ ಬೇಸ್ ನನಗೆ ಬಿಡಿ" ಅಂತ ಕೇಳಿ ಬರೆದುಕೊಳ್ಳಿ. ರಾತ್ರಿ 10 ಗಂಟೆಗೆ ಧ್ವನಿವರ್ಧಕ ನಿಲ್ಲಿಸಬೇಕು ಅನ್ನುವುದು ಕಾನೂನು, ಸೌಂಡ್ ಚೆಕ್ ತಡವಾದರೆ ಹೋಗುವುದು ನಿಮ್ಮ ಹಾಡಿನ ಸಮಯವೇ.

ಬ್ಯಾಗ್‌ನಲ್ಲಿ ಇರಲೇಬೇಕಾದ್ದು: ಎರಡನೇ ಕೇಬಲ್, ಒಂದು ಎಕ್ಸ್‌ಎಲ್‌ಆರ್ ಕೇಬಲ್, ಎರಡು 9 ವೋಲ್ಟ್ ಬ್ಯಾಟರಿ, ಒಂದು ಸ್ಟ್ರಿಂಗ್ ಸೆಟ್, ಅಲೆನ್ ಕೀ, ಟಾರ್ಚು, ಕರೆಂಟ್ ಟೇಪ್, ಮಲ್ಟಿಮೀಟರ್. ಎಕ್ಸ್‌ಟೆನ್ಷನ್ ಬೋರ್ಡ್ ಸ್ವಂತದ್ದೇ ಇರಲಿ, ಮೂರು ಪಿನ್ನಿನದು. ಎಲ್ಲದರ ಮೇಲೂ ನಿಮ್ಮ ಹೆಸರು ಬರೆದ ಬಣ್ಣದ ಟೇಪ್ ಅಂಟಿಸಿ. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಎಲ್ಲರ ಕಪ್ಪು ಕೇಬಲ್‌ಗಳೂ ಒಂದೇ ಥರ ಕಾಣುತ್ತವೆ.